ಒಬ್ಬಳ ವಹಿಯಲ್ಲಿ ನಲವತ್ಮೂರು ಗುಡ್

ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಮೂರನೇ ವಾರದವರೆಗೆ ನಾನು ಮಕ್ಕಳ ವಹಿಗಳಲ್ಲಿ ‘ಗುಡ್’ ಎಂದು ಬರೆದದ್ದು ಎರಡು ಸಾವಿರದ ನೂರಾ ಹದಿನಾಲ್ಕು ಸಲ. ಈ ಲೆಕ್ಕವನ್ನು ಯಾರೂ ಕೇಳಿರಲಿಲ್ಲ. ಎಷ್ಟು ಮಕ್ಕಳು ಬಂದಿದ್ದರು, ಎಷ್ಟು ವಹಿ ನೋಡಿದೆ, ರೈಲು ಎಷ್ಟು ನಿಮಿಷ ತಡವಾಯಿತು ಎಂದು ದಿನವೂ ಡೈರಿಯಲ್ಲಿ ಬರೆದಿಡುವುದು ನನಗೆ ಹೈಸ್ಕೂಲಿನಿಂದ ಬಂದ ಚಟ. ನಾಲ್ಕು ನೆಟ್ಟನೆಯ ಗೆರೆ, ಐದನೆಯದು ಅವುಗಳ ಮೇಲೆ ಓರೆಯಾಗಿ. ಹೀಗೆ ಐದೈದರ ಕಟ್ಟು, ಒಬ್ಬೊಬ್ಬ ಮಗುವಿಗೆ ಒಂದೊಂದು ಸಾಲು. ಆ ಎರಡು ಸಾವಿರದ ನೂರಾ ಹದಿನಾಲ್ಕರಲ್ಲಿ ನಲವತ್ಮೂರು ಒಬ್ಬಳೇ ಹುಡುಗಿಯವು. ನಲವತ್ನಾಲ್ಕನೆಯದನ್ನು ನಾನು ಬರೆಯಲಿಲ್ಲ.

ನಾನು ಇಂಗ್ಲಿಷ್ ಕಲಿಸಲು ಅತಿಥಿ ಶಿಕ್ಷಕಿಯಾಗಿ ಸೇರಿದ್ದು ಕಾಗಿಣಾ ದಂಡೆಯ ಒಂದು ಊರಿನ ಸರಕಾರಿ ಹೈಸ್ಕೂಲಿಗೆ. ಮನೆ ವಾಡಿಯಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ಹಿಡಿದು ಚಿತ್ತಾಪುರಕ್ಕೆ, ಅಲ್ಲಿಂದ ಸೇಡಂ ರಸ್ತೆಯಲ್ಲಿ ಆಟೋ, ಕೊನೆಯ ಒಂದು ಮೈಲಿ ನಡಿಗೆ. ಮೂರು ತರಗತಿ ಸೇರಿ ನೂರಾ ಹನ್ನೆರಡು ಮಕ್ಕಳು, ಇಂಗ್ಲಿಷಿಗೆ ನಾನೊಬ್ಬಳೇ.

ಮೊದಲ ದಿನ ವಹಿಗಳ ಕಟ್ಟನ್ನು ತಿದ್ದಿ ಮುಗಿಸಿ, ಪ್ರತಿ ಪುಟದ ಕೆಳಗೆ ಸಹಿ ಹಾಕಿ ಹೆಡ್ ಸರ್ ಮೇಜಿನ ಮೇಲೆ ಇಟ್ಟೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಸಿಟ್ಟು ಬರದ ಮನುಷ್ಯ. ನಾಲ್ಕು ವಹಿ ತಿರುವಿ ನೋಡಿ, ಬರೀ ಸಹಿ ನಡೆಯುವುದಿಲ್ಲ ಎಂದರು. ತಪಾಸಣೆಗೆ ಬಂದವರು ವಹಿ ತೆರೆದರೆ ಏನಾದರೂ ಬರೆದಿರಬೇಕು. ಉದ್ದ ಬರೆಯಲು ಹೊತ್ತಿಲ್ಲ, ತಪ್ಪು ಎಂದು ಬರೆದರೆ ತಿದ್ದಿಸಿದ್ದೆಲ್ಲಿ ಎಂದು ಕೇಳುತ್ತಾರೆ. ಆದ್ದರಿಂದ ಗುಡ್ ಬರೆಯಬೇಕು. ಅವರು ತಮ್ಮ ಹಸಿರು ಪೆನ್ನಿನಿಂದ ಒಂದು ಬರೆದು ತೋರಿಸಿದರು. ಒಂದೇ ಎಳೆತದಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರ, ಕೊನೆಯದರ ಬಾಲ ಸಹಿಯೊಳಗೆ ಸೇರಿಹೋಗುತ್ತಿತ್ತು. ಎರಡನೇ ವಾರದ ಹೊತ್ತಿಗೆ ನನ್ನ ಕೈಗೂ ಆ ಎಳೆತ ಬಂತು. ಒಂದು ಪುಟಕ್ಕೆ ಮೂರು ಸೆಕೆಂಡು. ಗಡಿಯಾರ ಇಟ್ಟು ನೋಡಿ ಅದನ್ನೂ ಬರೆದುಕೊಂಡಿದ್ದೇನೆ.

ಆ ಮಾತಿನ ಅರ್ಥಗಳನ್ನು ಸಂಗ್ರಹಿಸಲು ತೊಡಗಿದ್ದು ತಮಾಷೆಗೆ. ಡೈರಿಯ ಹಿಂದಿನ ಹಾಳೆಗಳಲ್ಲಿ ಅದಕ್ಕೆಂದೇ ಜಾಗ ಬಿಟ್ಟಿದ್ದೆ. ನಾನು ಏನಾದರೂ ಹೇಳಲು ಹೋದಾಗ ಹೆಡ್ ಸರ್ ‘ಗುಡ್ ಗುಡ್’ ಎಂದರೆ ಮಾತು ಮುಗಿಯಿತು, ಹೊರಡಿ ಎಂದು. ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಮೇಲಿನವರು ಗುಡ್ ಹಾಕಿದರೆ ಕಳಿಸಿದ ಫೋಟೋ ತಲುಪಿತು ಎಂದು. ನನ್ನನ್ನು ನೋಡಲು ಬಂದ ವರನ ಕಡೆಯವರು ಬಿ.ಇಡಿ. ಆಗಿದೆ ಎಂದು ಕೇಳಿ ಗುಡ್ ಎಂದರು, ಕೆಲಸ ಕಾಯಂ ಅಲ್ಲ ಎಂದು ಕೇಳಿಯೂ ಗುಡ್ ಎಂದರು, ಆಮೇಲೆ ಫೋನು ಮಾಡಲಿಲ್ಲ. ಜೊತೆಗೆ ರೈಲಿನಲ್ಲಿ ಬರುತ್ತಿದ್ದ, ನಾಲವಾರದ ಗಣಿತದ ಮಾಸ್ತರರು ನನ್ನ ಪಟ್ಟಿ ನೋಡಿ ನಕ್ಕು, ಛಲೋ ಅನ್ನಲು ಬಾಯಿಗೆ ಭಾರವಾದಾಗ ನಮ್ಮ ಜನ ಗುಡ್ ಅನ್ನುತ್ತಾರೆ ಎಂದರು. ಅದನ್ನೂ ಬರೆದುಕೊಂಡೆ. ಜುಲೈ ಕೊನೆಗೆ ಹದಿನಾರು ಅರ್ಥಗಳಾಗಿದ್ದವು. ಹದಿನಾರರಲ್ಲಿ ಒಂದೂ ‘ಒಳ್ಳೆಯದು’ ಎಂಬ ಅರ್ಥದ್ದಲ್ಲ ಎಂದು ಕೆಳಗೆ ಗೆರೆ ಎಳೆದು ಬರೆದಿದ್ದೇನೆ. ಆಗ ಅದು ಜಾಣತನದ ಮಾತು ಎನಿಸಿತ್ತು.

ಆ ಹುಡುಗಿ ಒಂಬತ್ತನೇ ತರಗತಿಯವಳು. ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ ಮನೆತನ. ಅವಳ ತಂದೆ ತೀರಿಕೊಂಡ ಮೇಲೆ ತಾಯಿ ಹೊಲದ ಕೂಲಿಗೆ ಹೋಗುತ್ತಿದ್ದರು. ಅಣ್ಣ ಶಹಾಬಾದಿನ ಕಡೆ ಹಾಸುಗಲ್ಲು ಪಾಲಿಶ್ ಮಾಡುವ ಒಂದು ಚಿಕ್ಕ ಅಂಗಳದಲ್ಲಿ ದುಡಿಯುತ್ತಿದ್ದ, ಎರಡು ವಾರಕ್ಕೊಮ್ಮೆ ಭಾನುವಾರ ಊರಿಗೆ ಬರುತ್ತಿದ್ದ. ಇವಳು ಕಿಟಕಿಯ ಪಕ್ಕದ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದಳು. ಒಂದು ದಿನವೂ ತಪ್ಪಿಸಿದವಳಲ್ಲ. ಅವಳ ಅಕ್ಷರಗಳನ್ನು ನೋಡಿದರೆ ಅಚ್ಚು ಹಾಕಿದ ಹಾಗೆ. ನಾನು ಗೈಡಿನಿಂದ ಹಲಗೆಯ ಮೇಲೆ ಬರೆದ ಪ್ರಶ್ನೋತ್ತರ, ಪ್ರಬಂಧ, ಪತ್ರ, ಎಲ್ಲ ಅವಳ ವಹಿಯಲ್ಲಿ ನನ್ನ ಬರವಣಿಗೆಗಿಂತ ಚಂದವಾಗಿ ಮೂಡುತ್ತಿದ್ದವು. ಅವಳ ವಹಿ ಬಂದರೆ ಕೈಗೆ ವಿಶ್ರಾಂತಿ. ಓದುವ ಅಗತ್ಯವೇ ಇಲ್ಲದ ಹಾಗೆ ಇರುತ್ತಿತ್ತು.

ಆಗಸ್ಟಿನಲ್ಲಿ ಒಂದು ಬುಧವಾರ ಅವಳ ತಾಯಿ ಶಾಲೆಗೆ ಬಂದರು. ವಹಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದರು. ಪುಟ ತೆರೆದು ಕೆಂಪು ಶಾಯಿಯ ಮೇಲೆ ಬೆರಳಿಟ್ಟು ಕೇಳಿದರು.

“ಇದು ನೀವೇ ಬರದೀರೇನ್ರಿ ಮೇಡಂ?”

“ಹೌದ್ರಿ. ಛಲೋ ಬರದಾಳ ನಿಮ್ಮ ಮಗಳು.”

“ನನ್ನ ಮಗ ಕಲ್ಲಿನ ಕೆಲಸಕ್ಕ ಹೋಗ್ತಾನಲ್ರಿ, ಅಲ್ಲೂ ಹಿಂಗೇ ಬರೀತಾರಂತ. ಮಾಲಕ ಸೀಮಿಸುಣ್ಣ ತಗೊಂಡು ಇದನ್ನ ಬರದ್ರ ಕಲ್ಲು ಲಾರಿಗಿ ಏರ್ತದ. ಬರೀಲಿಲ್ಲ ಅಂದ್ರ ಒಡದು ಜಲ್ಲಿಗಿ ಹಾಕ್ತಾರಂತ.” ಆಕೆ ವಹಿ ಮುಚ್ಚಿದರು. “ಇದು ಇರೂತನಕ ತಂಗಿ ಸಾಲಿಗಿ ಹೋಗ್ಲಿ ಅಂದಾನ. ಇದು ತಪ್ಪಿದ ದಿನ ಚಿಂಚೋಳಿಗಿ ಅತ್ತಿ ಮನಿಗಿ ಕಳಸ್ತೀನಿ ಅಂದಾನ.”

ಚಿಂಚೋಳಿಯಲ್ಲಿ ಗಂಡನ ಅಕ್ಕ ಖಾನಾವಳಿ ನಡೆಸುತ್ತಾಳೆ, ರೊಟ್ಟಿ ಬಡಿಯುವವರು ಯಾರೂ ನಿಲ್ಲುವುದಿಲ್ಲ, ಈ ಹುಡುಗಿಯನ್ನು ಕಳಿಸಿರೆಂದು ಒಂದು ವರ್ಷದಿಂದ ಹೇಳಿ ಕಳಿಸುತ್ತಿದ್ದಾಳೆ ಎಂದು ತಾಯಿ ವಿವರಿಸಿದರು. ತನ್ನ ಮಗಳಾದರೂ ಎಸ್ಸೆಸ್ಸೆಲ್ಸಿ ಮುಗಿಸಲಿ ಎಂಬುದು ಆಕೆಯ ಹಟ. ಮನೆ ನಡೆಯುವುದು ಮಗನ ದುಡಿಮೆಯಿಂದ, ಆದ್ದರಿಂದ ಅವನ ಮಾತಿಗೆ ಎದುರಾಡುವಂತಿಲ್ಲ. ಇಬ್ಬರ ನಡುವೆ ಆದ ಒಪ್ಪಂದ ಈ ಕೆಂಪು ಶಾಯಿ. ನಾನು ನಕ್ಕು, ಚಿಂತೆ ಮಾಡಬೇಡಿ, ನಿಮ್ಮ ಮಗಳ ಗುಡ್ ಎಲ್ಲಿಗೂ ಹೋಗುವುದಿಲ್ಲ ಎಂದೆ.

ಆ ದಿನದ ಡೈರಿ ನನ್ನ ಮುಂದಿದೆ: ‘ಒಂಬತ್ತನೇ ತರಗತಿಯ ಹುಡುಗಿಯ ತಾಯಿ ಬಂದಿದ್ದರು. ವಹಿಯ ಬಗ್ಗೆ ಕೇಳಿದರು. ಅಕ್ಷರ ಚೆನ್ನಾಗಿದೆ ಎಂದೆ. ಹತ್ತು ನಿಮಿಷ.’ ಅಷ್ಟೇ ಬರೆದಿದ್ದೇನೆ. ಚಿಂಚೋಳಿ ಇಲ್ಲ, ಅಣ್ಣ ಇಲ್ಲ, ಒಪ್ಪಂದವೂ ಇಲ್ಲ. ಹಿಂದಿನ ಹಾಳೆಯಲ್ಲಿ ಮಾತ್ರ ಹದಿನೇಳನೆಯ ಅರ್ಥವಾಗಿ ‘ಕಲ್ಲು ಲಾರಿಗೆ ಏರುತ್ತದೆ’ ಎಂದು ಸೇರಿಸಿದ್ದೇನೆ. ಒಳ್ಳೆಯದೊಂದು ಸಿಕ್ಕಿತು ಎಂದು ಸಂಜೆ ರೈಲಿನಲ್ಲಿ ಗಣಿತದ ಮಾಸ್ತರರಿಗೂ ಓದಿ ಹೇಳಿದೆ.

ಸೆಪ್ಟೆಂಬರ್ ಎರಡನೇ ಗುರುವಾರ ತಪಾಸಣೆ. ಬಂದ ಅಧಿಕಾರಿ ಒಂಬತ್ತನೇ ತರಗತಿಗೆ ಹೊಕ್ಕು ಮೇಜಿನ ಮೇಲಿದ್ದ ವಹಿಗಳಲ್ಲಿ ಒಂದನ್ನು ಎತ್ತಿಕೊಂಡರು. ಮೇಲಿನದು ಯಾವಾಗಲೂ ಅವಳದೇ ಇರುತ್ತಿತ್ತು, ಹೆಡ್ ಸರ್ ಹಾಗೆ ಜೋಡಿಸುತ್ತಿದ್ದರು. ಅಧಿಕಾರಿ ಕೊನೆಯ ಪುಟ ತೆರೆದು ಮಕ್ಕಳಿಗೆ ಕಾಣುವಂತೆ ಎತ್ತಿ ಹಿಡಿದು, ಬರೆದರೆ ಹೀಗೆ ಬರೆಯಬೇಕು ಎಂದರು. ಅವರ ಪಕ್ಕದಲ್ಲಿ ನಿಂತಿದ್ದ ನನಗೆ ಆ ಪುಟ ಓದುವಷ್ಟು ಹತ್ತಿರವಿತ್ತು. ಬೇರೆ ಕೆಲಸವಿಲ್ಲದೆ ಓದಿದೆ.

‘ನಮ್ಮ ಊರು’ ಎಂಬ ಪ್ರಬಂಧ. ಇಂಗ್ಲಿಷಿನಲ್ಲಿ ಅವಳ ಬರಹ ಹೀಗೆ ಸಾಗಿತ್ತು: ನಮ್ಮ ಊರಿನಲ್ಲಿ ಒಂದು ಹೊಳೆ ಇದೆ, ಮೊಟ್ಟೆ 29, ಹೊಳೆಯ ದಂಡೆಯಲ್ಲಿ ಗುಡಿ ಇದೆ, ಬಾಳೆಹಣ್ಣು 6, ಊರಿನ ಜನ ಸುಖವಾಗಿದ್ದಾರೆ. ನಾನು ಹಲಗೆಯ ಬಲ ಅಂಚಿನಲ್ಲಿ ಆ ದಿನ ಊಟಕ್ಕೆ ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ತಿನ್ನುವವರೆಷ್ಟು ಎಂದು ಬರೆದುಕೊಂಡಿದ್ದೆ. ಸಾಲು ಅಂಚಿಗೆ ಮುಟ್ಟಿದಾಗ ಅವಳು ಅದನ್ನೂ ಸೇರಿಸಿಕೊಂಡು ಮುಂದೆ ಹೋಗಿದ್ದಳು. ಕೆಳಗೆ ನನ್ನ ಕೆಂಪು ಗುಡ್. ಅದರ ಪಕ್ಕದಲ್ಲಿ ಹೆಡ್ ಸರ್ ಅವರ ಹಸಿರು ಗುಡ್. ಅಧಿಕಾರಿ ಜೇಬಿನಿಂದ ಪೆನ್ನು ತೆಗೆದು ಇವೆರಡರ ಕೆಳಗೆ ‘ವೆರಿ ಗುಡ್’ ಎಂದು ಬರೆದರು. ಹುಡುಗಿಯನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ನಾನೂ ತಟ್ಟಿದೆ.

ಅವರ ಜೀಪು ಹೋದ ಮೇಲೆ ಅವಳನ್ನು ಸ್ಟಾಫ್ ರೂಮಿಗೆ ಕರೆದು ಆ ಪುಟ ಓದಲು ಹೇಳಿದೆ. ಅವಳು ಪುಟವನ್ನೂ ನನ್ನನ್ನೂ ನೋಡಿದಳು.

“ಓದಾಕ ಬರಂಗಿಲ್ರಿ ಮೇಡಂ. ನೋಡಿ ಬರೀಲಿಕ್ಕ ಬರ್ತದ.”

ಕನ್ನಡ ಪುಸ್ತಕ ಕೊಟ್ಟೆ. ಬಿಡಿ ಅಕ್ಷರಗಳನ್ನು ಒಂದೊಂದಾಗಿ ಹೇಳಿದಳು, ಒತ್ತಕ್ಷರ ಬಂದಲ್ಲಿ ನಿಂತಳು. ಒಂದು ಸಾಲಿಗೆ ನಾಲ್ಕು ನಿಮಿಷ. ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಯಾರೂ ಕೇಳಲಿಲ್ಲ ಎಂದಳು. ಅವಳ ದನಿಯಲ್ಲಿ ಅವಮಾನ ಇರಲಿಲ್ಲ, ಗಾಬರಿ ಇತ್ತು. ನಾನು ಏನೋ ಕಸಿದುಕೊಳ್ಳುವವಳಿದ್ದೇನೆ ಎಂದು ಅವಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

ಆ ಸಂಜೆ ರೈಲಿನಲ್ಲಿ ಡೈರಿಯ ಕಟ್ಟುಗಳನ್ನು ಎಣಿಸಿದೆ. ಮುಂದಿನ ವಾರದಿಂದ ಒಂದು ನಿಯಮ ಎಂದು ಬರೆದು ಚೌಕ ಹಾಕಿದೆ: ತಾನು ಬರೆದದ್ದರಲ್ಲಿ ಒಂದು ಸಾಲಾದರೂ ನನ್ನ ಎದುರು ಓದಿದವರಿಗೆ ಮಾತ್ರ ಗುಡ್. ಉಳಿದವರಿಗೆ ತಾರೀಖು ಮತ್ತು ಸಹಿ. ನನ್ನ ಬಗ್ಗೆ ನನಗೇ ಅಭಿಮಾನ ಬಂದ ದಿನ ಅದು.

ಹೆಡ್ ಸರ್ ಒಪ್ಪಲಿಲ್ಲ, ತಡೆಯಲೂ ಇಲ್ಲ. “ಗುಡ್ ಅಂದ್ರ ನಾವು ವಹಿ ನೋಡೀವಿ ಅಂತ ಅಷ್ಟರಿ ಮೇಡಂ. ನೀವ್ಯಾಕ ಅದರಾಗ ಅರ್ಥ ಹುಡುಕಲಿಕತ್ತೀರಿ?” ಎಂದು ಕೇಳಿ ಹಾಜರಿ ಪುಸ್ತಕ ತೆರೆದರು. ಅವರಿಗೆ ಮಕ್ಕಳ ಬಗ್ಗೆ ಕಾಳಜಿ ಇಲ್ಲ ಎಂದುಕೊಂಡೆ. ಮಾತಿಗೆ ಬೆಲೆ ಕೊಡಬೇಕೆಂದು ಅವರಿಗೆ ನಾಲ್ಕು ವಾಕ್ಯ ಹೇಳಿದೆ. ಗುಡ್ ಗುಡ್ ಎಂದರು.

ಮರುವಾರ ಒಂಬತ್ತನೇ ತರಗತಿಯ ಮೂವತ್ತೆಂಟು ಮಕ್ಕಳಲ್ಲಿ ಏಳು ಜನಕ್ಕೆ ಗುಡ್ ಸಿಕ್ಕಿತು. ಅವಳ ವಹಿಯಲ್ಲಿ ಆ ವಾರ ಮೂರು ಪುಟ, ಮೂರರಲ್ಲೂ ಬರೀ ಸಹಿ. ಸೋಮವಾರದಿಂದ ಗುರುವಾರದವರೆಗೆ ಊಟದ ಬಿಡುವಿನಲ್ಲಿ ಅವಳನ್ನು ಬೇವಿನ ಗಿಡದ ಕೆಳಗೆ ಕೂರಿಸಿಕೊಂಡು ಓದಲು ಕಲಿಸಿದೆ. ನಾಲ್ಕು ದಿನ, ದಿನಕ್ಕೆ ಇಪ್ಪತ್ತು ನಿಮಿಷ. ಕಾಗುಣಿತ ಅವಳಿಗೆ ಬೇಗ ಹತ್ತಿತು. ಕೈಯಲ್ಲಿದ್ದದ್ದು ಈಗ ಬಾಯಿಗೆ ಬರಬೇಕಿತ್ತು, ಅಷ್ಟೇ. ಗುರುವಾರ ‘ಅಕ್ಕ’ ಎಂಬ ಪದ ತಾನೇ ಓದಿ, ಇದು ನಾನು ದಿನಾ ಬರೆಯುವುದೇ ಅಲ್ಲವೇನ್ರಿ ಎಂದು ಬೆರಗಾಗಿ ಕೇಳಿದಳು. ಶುಕ್ರವಾರ ಬೆಳಿಗ್ಗೆ ವಹಿ ತೆರೆದು ನನ್ನ ಮುಂದೆ ಇಟ್ಟಳು.

“ಮೇಡಂ, ಈ ವಾರದ್ದು ಒಂದರೆ ಬರದು ಕೊಡ್ರಿ. ಐತವಾರ ಅಣ್ಣ ಬರ್ತಾನ.”

ಪುಟ ನೋಡಿದೆ. ಹಲಗೆಯಿಂದ ಇಳಿಸಿದ ಇಂಗ್ಲಿಷ್ ಪತ್ರಲೇಖನ. ಓದು ಎಂದೆ. ಮೊದಲ ಪದವೂ ಬರಲಿಲ್ಲ. ನಿಯಮ ಎಲ್ಲರಿಗೂ ಒಂದೇ, ಬರುವ ತಿಂಗಳು ನೀನೇ ಓದಿ ತೋರಿಸಿ ಬರೆಸಿಕೊಳ್ಳುತ್ತಿ, ಆಗ ಅದರ ಬೆಲೆ ಬೇರೆ ಎಂದು ಸಮಾಧಾನ ಹೇಳಿದೆ. ತಾಯಿ ಹೇಳಿದ್ದು ನೆನಪಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ನೆನಪಿತ್ತು. ಆದರೆ ಒಬ್ಬ ಅಣ್ಣ ತಂಗಿಯ ಶಾಲೆಯನ್ನು ನಾಲ್ಕು ಅಕ್ಷರದ ಮೇಲೆ ನಿಲ್ಲಿಸಿಯಾನು ಎಂದು ನಾನು ನಂಬಿರಲಿಲ್ಲ. ಅದು ಹದಿನೇಳನೆಯ ಅರ್ಥವಾಗಿ ನನ್ನ ಹಿಂದಿನ ಹಾಳೆಯಲ್ಲಿತ್ತು, ಓದಿ ನಗುವ ಪಟ್ಟಿಯಲ್ಲಿ. ಅವಳು ವಹಿ ಮುಚ್ಚಿ ಹೋದಳು. ಎರಡನೇ ಸಲ ಕೇಳಲಿಲ್ಲ.

ಸೋಮವಾರ ಕಿಟಕಿಯ ಪಕ್ಕದ ಜಾಗ ಖಾಲಿ. ಮಂಗಳವಾರವೂ. ಬುಧವಾರ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಹೊಳೆಗೆ ಇಳಿಯುವ ದಾರಿಯಲ್ಲಿ ಎರಡು ಕೋಣೆಯ ಕಲ್ಲಿನ ಮನೆ. ತಾಯಿ ಬಾಗಿಲಲ್ಲಿ ಹೆಸರುಕಾಳು ಕೇರುತ್ತಿದ್ದರು. ಎದ್ದು, ಬರ್ರಿ ಕುಂದ್ರಿ ಎಂದು ಚಾಪೆ ಹಾಸಿದರು, ನೀರು ತಂದರು. ಭಾನುವಾರ ಏನಾಯಿತೆಂದು ಬಯ್ಯದೆ, ಅಳದೆ ಹೇಳಿದರು. ಮಗ ವಹಿ ತೆಗೆದಿದ್ದಾನೆ, ಮೂರು ಪುಟ ತಿರುವಿದ್ದಾನೆ, ಸಹಿ ತೋರಿಸಿ ಇದು ಬೇರೆ ಎಂದಿದ್ದಾನೆ. ಮೇಡಂ ಮರೆತಿರಬೇಕು ಎಂದು ತಾಯಿ ಹೇಳಿದರೆ, ಒಂದು ಪುಟ ಮರೆತಾರು, ಮೂರು ಪುಟ ಮರೆಯುತ್ತಾರಾ ಎಂದು ಕೇಳಿದ್ದಾನೆ. ತಂಗಿಯನ್ನು ಕೇಳಿದಾಗ ಅವಳು, ಮೇಡಂ ಬರೆಯುವುದಿಲ್ಲ ಅಂದರು ಎಂದಳಂತೆ. ಸೋಮವಾರ ಬೆಳಿಗ್ಗೆ ಸೇಡಂ ಬಸ್ಸು ಹತ್ತಿಸಿ, ಅಲ್ಲಿಂದ ಚಿಂಚೋಳಿಗೆ ತಾನೇ ಮುಟ್ಟಿಸಿ ಕೆಲಸಕ್ಕೆ ಹೋಗಿದ್ದ.

ವಹಿ ಗೂಡಿನಲ್ಲೇ ಇತ್ತು. ನಾನು ಅದನ್ನು ಕೇಳಿ ತೆಗೆದುಕೊಂಡು ಕೆಂಪು ಪೆನ್ನಿನಿಂದ ಮೂರೂ ಪುಟಗಳ ಕೆಳಗೆ ಗುಡ್ ಬರೆಯಲು ಹೊರಟೆ. ಪೆನ್ನು ಊರುವ ಮೊದಲೇ ತಾಯಿ ಕೈ ಅಡ್ಡ ಇಟ್ಟರು.

“ಈಗ ಬರದ್ರ ಯಾರಿಗಿ ತೋರಸ್ಲಿ ಯವ್ವಾ? ನೀವು ಹುಷಾರ ಆಗೂದಿದ್ರ ಮೊದಲನೇ ದಿನನೇ ಆಗಬೇಕಿತ್ತು. ನನ್ನ ಮಗಳ ಪಾಳಿ ಬಂದಾಗೇನ್ರಿ?”

ಶಹಾಬಾದಿಗೆ ಹೋಗಿ ಅಣ್ಣನೊಂದಿಗೆ ಮಾತಾಡಿದೆ. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು, ಕೂದಲ ತುಂಬ ಕಲ್ಲಿನ ಬಿಳಿ ಹುಡಿ. ಮರ್ಯಾದೆಯಿಂದ ನಿಂತು ಕೇಳಿದ. ಅವಳಿಗೆ ಓದಲು ಬರುತ್ತಿರಲಿಲ್ಲ, ಈಗ ಕಲಿಯುತ್ತಿದ್ದಾಳೆ ಎಂದು ಬಿಡಿಸಿ ಹೇಳಿದೆ. ಹೇಳಿ ಮುಗಿಯುವ ಮೊದಲೇ ತಪ್ಪು ಗೊತ್ತಾಯಿತು. ಒಂಬತ್ತು ವರ್ಷ ಶಾಲೆಗೆ ಹೋದರೂ ಓದಲು ಬರುವುದಿಲ್ಲವೇ ಎಂದು ಅವನು ಮೆಲ್ಲಗೆ ಕೇಳಿದ. ನಂತರ, ಹಾಗಾದರೆ ಇಷ್ಟು ದಿನ ಬರೆದದ್ದು ಏನ್ರಿ ಮೇಡಂ ಎಂದ. ನನ್ನ ಚೀಲದಲ್ಲಿ ಆ ಮಾತಿನ ಹದಿನೇಳು ಅರ್ಥಗಳಿದ್ದವು. ಅದನ್ನು ಹೆಗಲಿಗೇರಿಸಿ ಸ್ಟೇಷನ್ನಿನ ಕಡೆ ನಡೆದೆ.

ಹೆಡ್ ಸರ್ ಒಂದು ತಿಂಗಳು ಅವಳ ಹಾಜರಿ ಹಾಕಿಸಿ, ಆಮೇಲೆ ಬಿಟ್ಟರು. ನಾನು ಅಕ್ಟೋಬರ್ ರಜೆ ಮುಗಿದ ಮೇಲೆ ಎಲ್ಲ ವಹಿಗಳಲ್ಲೂ ಮತ್ತೆ ಗುಡ್ ಬರೆಯಲು ಶುರುಮಾಡಿದೆ. ಕನ್ನಡವನ್ನೂ ಓದಲು ಬಾರದ ಮಕ್ಕಳು ಇನ್ನೂ ಹನ್ನೊಂದು ಜನ ಇದ್ದರು. ಅವರನ್ನು ಬೇವಿನ ಗಿಡದ ಕೆಳಗೆ ಕೂರಿಸಿದೆ, ವಹಿಯಲ್ಲಿ ಗುಡ್ ಬರೆಯುತ್ತಲೇ. ಮಾರ್ಚಿನಲ್ಲಿ ಆರು ಜನ ಓದುತ್ತಿದ್ದರು. ಎರಡನ್ನೂ ಒಟ್ಟಿಗೇ ಮಾಡಬಹುದಿತ್ತು ಎಂಬುದು ನನಗೆ ಹೊಳೆಯಲು ಒಬ್ಬಳು ಹೋಗಬೇಕಾಯಿತು. ವರ್ಷದ ಕೊನೆಗೆ ನನಗೂ ಒಂದು ಪ್ರಮಾಣಪತ್ರ ಸಿಕ್ಕಿತು. ಹೋದ ವರ್ಷದ ಅತಿಥಿ ಶಿಕ್ಷಕರದನ್ನು ನೋಡಿ ಟೈಪು ಮಾಡಿದ್ದು, ಹೆಸರು ಮಾತ್ರ ಬೇರೆ. ನನ್ನ ನಡತೆ ಮತ್ತು ಕೆಲಸ ಗುಡ್ ಎಂದು ಅದರಲ್ಲಿದೆ.

ಈ ವರ್ಷ ಮೇ ತಿಂಗಳಲ್ಲಿ, ಒಂದು ಮಂಗಳವಾರ, ಬೇರೆ ಕೆಲಸಕ್ಕೆಂದು ಚಿಂಚೋಳಿಗೆ ಹೋಗಬೇಕಾಯಿತು. ಬೇರೆ ಕೆಲಸ ಎಂದು ಡೈರಿಯಲ್ಲೂ ಬರೆದಿದ್ದೇನೆ. ಅಂಥ ಕೆಲಸವೇನೂ ಇರಲಿಲ್ಲ. ಬಸ್ ನಿಲ್ದಾಣದಿಂದ ಮೂರು ಖಾನಾವಳಿ ದಾಟಿ ನಾಲ್ಕನೆಯದರ ಮುಂದೆ ನಿಂತಾಗ ಕೇಳಬೇಕಾಗಲಿಲ್ಲ. ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಅನ್ನ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಅಚ್ಚು ಹಾಕಿದ ಹಾಗೆ.

ಅತ್ತೆ ಹಣದ ಗಲ್ಲೆಯ ಮುಂದೆ ಕುಳಿತಿದ್ದಳು, ಗಟ್ಟಿ ದನಿಯ ಹೆಂಗಸು. ನಾನು ಯಾರೆಂದು ತಿಳಿದ ಮೇಲೆ ಬಾಳೆ ಎಲೆ ಹಾಕಿಸಿ, ತಮ್ಮನ ಮಗಳು ಬಂದ ಮೇಲೆ ಗಿರಾಕಿ ಹೆಚ್ಚಾಗಿದ್ದಾರೆಂದು ಹೊಗಳಿದಳು. ಹುಡುಗಿ ಒಳಗಿನಿಂದ ರೊಟ್ಟಿ ತಂದಳು. ಎತ್ತರವಾಗಿದ್ದಳು. ಕೈಗೆ ಹಿಟ್ಟು ಹತ್ತಿತ್ತು, ಮುಂಗೈ ಮೇಲೆ ಹಂಚು ತಾಗಿದ ಎರಡು ಕಲೆ. ಚೆನ್ನಾಗಿದ್ದೀಯಾ ಎಂದರೆ ಹೂಂ ಎಂದಳು. ಹಲಗೆಯ ಮೇಲಿನದು ಓದಲು ಬರುತ್ತದೆಯೇ ಎಂದು ಕೇಳಿದೆ. ಕೇಳಬಾರದಿತ್ತು.

“ಅತ್ತಿ ಚೀಟಿ ಕೊಡ್ತಾಳ್ರಿ. ನೋಡಿ ಬರೀತೀನಿ.”

ನಾನು ತರಬಹುದಾದ ಪುಸ್ತಕಗಳ ಬಗ್ಗೆ, ಖಾಸಗಿಯಾಗಿ ಪರೀಕ್ಷೆ ಕಟ್ಟುವ ಬಗ್ಗೆ ಹೇಳುತ್ತ ಹೋದೆ. ಅವಳು ಪಲ್ಯ ಬಡಿಸಿ, ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು. ಗಲ್ಲೆಯ ಕಡೆಯಿಂದ ಅತ್ತೆಯ ಕೂಗು ಬಂತು. ಹೊರಡುವ ಮುಂಚೆ ಅವಳು ನನ್ನ ಎಲೆಯ ಕಡೆ ನೋಡುತ್ತಲೇ ಅಂದಳು:

“ಅವತ್ತು ಬರದು ಕೊಟ್ಟಿದ್ರ ಆಗ್ತಿತ್ರಿ ಮೇಡಂ. ಓದೂದು ನಾ ಕಲೀಲಿಕತ್ತಿದ್ನಲ್ಲ.”

ಊಟ ಮುಗಿಸಿ ಕೈ ತೊಳೆದೆ. ಗಲ್ಲೆಯ ಮುಂದೆ ನಿಂತಾಗ ರೊಟ್ಟಿ ಹೇಗಿದ್ದವು ಎಂದು ಅತ್ತೆ ಕೇಳಿದಳು. ಛಲೋ ಇದ್ದವು ಎಂದೆ. ಸೇಡಂ ಬಸ್ಸಿನಲ್ಲಿ ಕೂತು ಡೈರಿ ತೆಗೆದೆ. ಬಸ್ಸು ಹೊರಟದ್ದು ಎರಡು ಗಂಟೆ ಹತ್ತಕ್ಕೆ. ತಿಂದ ರೊಟ್ಟಿ ಎರಡು. ಸೆಪ್ಟೆಂಬರಿನ ಹಾಳೆಗೆ ಹಿಂತಿರುಗಿ ಅವಳ ಗೆರೆಗಳನ್ನು ನೋಡಿದೆ. ಐದೈದರ ಎಂಟು ಕಟ್ಟು, ಕೊನೆಗೆ ಬಿಡಿ ಮೂರು ಗೆರೆ. ನಾಲ್ಕನೆಯದಕ್ಕೆ ಜಾಗ ಇನ್ನೂ ಇದೆ.